ನಾನು ಕೈ ಮುಗಿದ ಚೊಂಬು

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಹೋಟೆಲು. ಅದರ ಅಂಗಳದಲ್ಲಿದ್ದ ಎಲೆಕ್ಟ್ರಿಕ್ ಕಾರ್ ಚಾರ್ಜರಿಗೆ ಇಂಟರ್‌ನೆಟ್ ಪದೇಪದೇ ಹೋಗುತ್ತಿತ್ತು. ರಿಪೇರಿಗೆಂದು ನಾನು ಹೋದದ್ದು ಅದು ಮೂರನೇ ಸಲ. ಸಿಮ್ಮೂ ಬದಲಿಸಿಯಾಗಿತ್ತು, ವೈರೂ ಬದಲಿಸಿಯಾಗಿತ್ತು.

ಅವತ್ತು ತಮ್ಮ ಮುದಿ ಅಪ್ಪನನ್ನು ಕಣ್ಣಿನ ಆಪರೇಷನ್ನಿಗೆಂದು ಕಾರಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೊರಟವರೊಬ್ಬರು ಅಲ್ಲಿ ಸಿಕ್ಕಿಕೊಂಡಿದ್ದರು. ನೆಟ್ ಬಾರದೆ ಚಾರ್ಜ್ ಶುರುವಾಗದು.

"ಅನ್ನೊಂದು ಗಂಟೆಗೆ ಅಲ್ಲಿರ್ಬೇಕು ಸಾ, ಏನಾರ ಮಾಡಿ" ಎಂದು ನನ್ನ ಬೆನ್ನ ಹಿಂದೆಯೇ ನಿಂತರು.

ಚಾರ್ಜರಿನ ನೆತ್ತಿಯಲ್ಲಿ, ಆಂಟೆನಾ ಇರುವ ಕಡೆ, ತಾಮ್ರದ ಚೊಂಬೊಂದು ಗೋಪುರದ ಕಳಶದಂತೆ ಬೋರಲು ಕೂತಿತ್ತು. ಈ ಸಲ ಕುಂಕುಮ, ಸೇವಂತಿಗೆ ಬೇರೆ. ಎಂದಿನಂತೆ ಚಪ್ಪಲಿ ಬಿಟ್ಟು ಕೈ ಮುಗಿದೆ. ಅದನ್ನು ಮುಟ್ಟದೆ ಕೆಳಗಿನ ಬಾಗಿಲು ತೆಗೆದೆ.

ಅಷ್ಟರಲ್ಲಿ ಹೋಟೆಲಿನ ಯಜಮಾನಿ ಬಂದು, ತೊಳೆಯಲೆಂದು ಚೊಂಬನ್ನು ಎತ್ತಿಕೊಂಡರು. ಚಾರ್ಜರಿನಲ್ಲಿ ನೆಟ್ ಇಲ್ಲವೆಂದು ಉರಿಯುತ್ತಿದ್ದ ಕೆಂಪು ದೀಪ ಹಸಿರಾಯಿತು.

"ಅಮ್ಮಾ, ಇನ್ನೊಂದ್ಸಲ ಇಡಿ."

ಇಟ್ಟರು. ಮತ್ತೆ ಕೆಂಪು.

"ತಾಯಿ, ತಪ್ಪು ತಿಳೀಬೇಡಿ. ಈ ದೇವರನ್ನ ಬೇರೆ ಕಡೆ ಇಡೋಕಾಗುತ್ತಾ?" ಎಂದು ಅಳುಕುತ್ತಲೇ ಕೇಳಿದೆ.

ಅವರು ನನ್ನನ್ನೇ ದಿಟ್ಟಿಸಿದರು.

"ದೇವ್ರೆಲ್ಲೈತೆ ಸಾ? ಆ ಕಡ್ಡಿ ಮಳೇಲಿ ನೆನೀತದೆ ಅಂತ ಚೊಂಬು ಮುಚ್ಚಿದ್ದೆ. ನೀವು ಬಂದೋರು ಕೈ ಮುಗುದ್ರಿ. ಮಿಸೀನು ಗೊತ್ತಿರೋರೇ ಮುಗೀತಾರೆ ಅಂದ್ರೆ ಏನೋ ಐತೆ ಅಂತ ನಾನೂ ಊವ ಇಡ್ತಾ ಇವ್ನಿ!"

ಆಪರೇಷನ್ನಿಗೆ ಹೊರಟಿದ್ದ ಅಜ್ಜ ಕಾರಿನೊಳಗಿಂದ ಕೂಗಿದರು: "ಲೇ ಮಗಾ, ಮೊದ್ಲು ಇವ್ರ ಕಣ್ಣು ತೋರ್ಸ್ಲಾ, ನಂದು ಆಮ್ಯಾಕಾಗ್ಲಿ."

ಚೊಂಬು ತೆಗೆಸಿದ ಮೇಲೆ ಚಾರ್ಜಾಗಿ, ಮುಕ್ಕಾಲು ಗಂಟೆಯಲ್ಲಿ ಕಾರು ಹೊರಟಿತು. ನಾನು ವರದಿಯಲ್ಲಿ 'ಆಂಟೆನಾಕ್ಕೆ ಲೋಹದ ಅಡ್ಡಿ' ಎಂದು ಬರೆದೆ. ಪೂಜೆಗೆ ಕಾರಣರಾದವರು ಯಾರೆಂದು ಆ ಫಾರಮ್ಮಿನಲ್ಲಿ ಕೇಳಿರಲಿಲ್ಲ, ಭಗವಂತನ ದಯೆ.