ನಮೂನೆಯಲ್ಲಿಲ್ಲದ ಅರ್ಜಿ

ನಾನು ಓದಿದ್ದು ಕಚೇರಿ ನಿರ್ವಹಣೆ, ಸರ್ಕಾರಿ ವಿಶ್ವವಿದ್ಯಾಲಯದ ಪದವಿ. ಪತ್ರ ಬರೆಯುವುದು, ಫೈಲು ಇಡುವುದು, ಬಂದವರನ್ನು ಮಾತಾಡಿಸುವುದು, ಇಷ್ಟನ್ನು ಮೂರು ವರ್ಷ ಕಲಿಸುತ್ತಾರೇನು ಎಂದು ನಮ್ಮೂರು ಭೋಜದ ಓಣಿಯವರು ನಗುತ್ತಿದ್ದರು. ಇವರಿಗೆಲ್ಲ ತೋರಿಸಿಕೊಡಬೇಕೆಂಬ ಹಟ ನನ್ನ ತಲೆಗೇರಿತ್ತು.

ಕೊನೆಯ ವರ್ಷ ಒಂದು ತಿಂಗಳ ತರಬೇತಿಗೆ ನನ್ನನ್ನು ರಾಯಬಾಗ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಕಬ್ಬಿನ ಕಚೇರಿಗೆ ಹಾಕಿದರು. ರೈತರ ಅರ್ಜಿ ತಗೊಂಡು, ಶಿಕ್ಕಾ ಹೊಡೆದು, ಪುಸ್ತಕದಲ್ಲಿ ನಂಬರು ಹಾಕುವುದು ನನ್ನ ಕೆಲಸ. ಕಬ್ಬು ಕಡಿಯುವ ಗ್ಯಾಂಗು ಯಾರ ಹೊಲಕ್ಕೆ ಯಾವತ್ತು ಹೋಗಬೇಕೆಂಬ ಪಾಳಿ ಆ ನಂಬರಿನ ಮೇಲೆಯೇ ಹತ್ತುತ್ತಿತ್ತು. ಅಲ್ಲಿನ ಹಿರಿಯ ಗುಮಾಸ್ತರು ಬೀಡಿ ಕಟ್ಟಿನ ಕಾಗದದ ಮೇಲೆ ಬರೆದು ತಂದರೂ ತಗೊಳ್ಳುತ್ತಿದ್ದರು. ಏನೂ ತರದವರಿಗೆ ತಾವೇ ಬರೆದುಕೊಡುತ್ತಿದ್ದರು. ಶಿಸ್ತಿಲ್ಲದ ಮನುಷ್ಯ ಎಂದುಕೊಂಡಿದ್ದೆ.

ಅವರು ಚಹಾಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ತರಬೇತಿ ನೋಡಲು ನಮ್ಮ ಕಾಲೇಜಿನ ಮೇಡಂ ಬಂದು ನನ್ನ ಪಕ್ಕದಲ್ಲೇ ಕೂತಿದ್ದರು. ಆಗಲೇ ನನ್ನ ದೊಡ್ಡವ್ವ ಒಳಗೆ ಬಂದಳು. ಅವ್ವನ ಅಕ್ಕ, ಪಿಯುಸಿ ಮುಗಿಯುವವರೆಗೆ ನನ್ನನ್ನು ತನ್ನ ಮನೆಯಲ್ಲಿಟ್ಟುಕೊಂಡು ಓದಿಸಿದವಳು. ಗಂಡನಿಲ್ಲದ ಅವಳು ಎರಡೆಕರೆ ಕಬ್ಬನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು.

“ಅಯ್ಯ, ನೀನ ಅದೀಯೇನ! ಚಲೋ ಆತ ನೋಡ,” ಎಂದು ನೋಟುಬುಕ್ಕಿನ ಹಾಳೆಯಲ್ಲಿ ಮರಾಠಿಯಲ್ಲಿ ಬರೆಸಿದ ನಾಲ್ಕು ಸಾಲು ಚಾಚಿದಳು. “ಮುಂದಿನ ಸೋಮವಾರ ಮಿರಜದಾಗ ಕಣ್ಣಿನ ಆಪರೇಶನ್ ಐತಿ. ಅದರಕಿಂತ ಮೊದಲ ಗ್ಯಾಂಗ್ ಬರೂಹಂಗ ಮಾಡವ್ವಾ.”

ಮೇಡಂ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಹಾಳೆಯಲ್ಲಿ ವಿಷಯವಿಲ್ಲ, ತಾರೀಖಿಲ್ಲ, ಸಹಿಯೂ ಇಲ್ಲ. ನಾನು ಬೆನ್ನು ನೆಟ್ಟಗೆ ಮಾಡಿ ಹೇಳಿದೆ: “ತಾವು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ.” ಅವಳಿಗೆ ತಾವು ಎಂದೆ. ಪರಿಚಯವೇ ಇಲ್ಲದವಳ ಹಾಗೆ.

ದೊಡ್ಡವ್ವ ಗಾಬರಿಯಾಗಿ ನನ್ನ ಮುಖ ನೋಡಿದಳು. “ಹೌದ್ರಿ,” ಎಂದಳು, ನನಗೆ. ಹಾಳೆ ಮಡಚಿಕೊಂಡು ಹೋದಳು. ನನ್ನ ಮುಂದೆಯೇ ಖಾಲಿ ನಮೂನೆಗಳ ಕಟ್ಟಿತ್ತು. ಒಂದನ್ನು ಎಳೆದು ಬರೆದುಕೊಡಲು ಐದು ನಿಮಿಷ ಸಾಕಿತ್ತು. ಮೇಡಂ ತಲೆಯಾಡಿಸಿದ್ದಕ್ಕೆ ನಾನು ಉಬ್ಬಿಹೋಗಿದ್ದೆ.

ಆ ವಾರದ ಪಾಳಿಯ ಪಟ್ಟಿ ಅಂದು ಸಂಜೆಗೇ ಭರ್ತಿಯಾಯಿತು. ಎರಡು ದಿನ ಬಿಟ್ಟು ಅವಳು ಬೇರೆಯವರಿಂದ ಬರೆಸಿಕೊಂಡು ತಂದಾಗ ಸಿಕ್ಕ ಪಾಳಿ ಅದೇ ಸೋಮವಾರ. ಗ್ಯಾಂಗು ಬಿಟ್ಟರೆ ಮತ್ತೆ ಯಾವಾಗ ಬರುತ್ತದೋ ಎಂದು ಅವಳು ಆಪರೇಶನ್ ಬಿಟ್ಟಳು. ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ತಡ ಮಾಡುವಂತಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಮತ್ತೊಂದು ತಾರೀಖು ಸಿಗುವಷ್ಟರಲ್ಲಿ ಬಲಗಣ್ಣು ಪೂರ್ತಿ ಹೋಯಿತು, ಎಡಗಣ್ಣು ಮಸುಕಾಯಿತು. ನಾನು ತರಬೇತಿಯ ವರದಿಯಲ್ಲಿ ಈ ಪ್ರಸಂಗವನ್ನು ನಿಯಮ ಪಾಲನೆಯ ಉದಾಹರಣೆಯಾಗಿ ಬರೆದಿದ್ದೆ. ಒಳ್ಳೆಯ ಅಂಕ ಬಂತು. ಇದನ್ನು ಬರೆಯುವಾಗಲೂ ಮುಖ ಸುಡುತ್ತದೆ.

ಮರುವರ್ಷ ತಪ್ಪೊಪ್ಪಿಕೊಳ್ಳಬೇಕೆಂದು ಅವಳ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯವರನ್ನು ಕರೆದು, “ನಮ್ಮ ಹುಡುಗಿ ಆಫೀಸಿನ್ಯಾಗ ಸಾಹೇಬರಂಗ ಮಾತಾಡ್ತಾಳ್ರಿ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಈ ಸಲದ ಅರ್ಜಿ ನೀನ ಬರದ ಕೊಡವ್ವಾ. ಹೋದ ಸಲ ನಂದ ತಪ್ಪಾತು,” ಎಂದಳು.

ಬರೆದೆ. ವಿಷಯ, ತಾರೀಖು, ಎಲ್ಲ ಹಾಕಿದೆ. ಪೆನ್ನು ಕೊಟ್ಟಾಗ ಅವಳು ಹಾಳೆಯ ಮೇಲೆ ಕೈಯಾಡಿಸಿ ಕೇಳಿದಳು: “ಸಹಿ ಎಲ್ಲಿ ಮಾಡ್ಲೆ?”

ಅವಳ ಕೈ ಹಿಡಿದು ಆ ಜಾಗಕ್ಕೆ ತಂದಿಟ್ಟೆ.