ಮುನಿರಾಮಯ್ಯ ಅಲೆ ಕಟ್ಟಿದ್ದು

ಮುನಿರಾಮಯ್ಯನ ಕೈ ಸುಮ್ಮನಿರುತ್ತಿರಲಿಲ್ಲ. ಹೊಸಕೋಟೆಯಲ್ಲಿ ಆಯಿಲ್ ಎಂಜಿನ್ ರಿಪೇರಿ ಮಾಡಿಕೊಂಡಿದ್ದವನು, ಸಮೇತನಹಳ್ಳಿ ಆಚೆಗಿನ ತನ್ನೂರಿಗೆ ಬಂದರೆ ಒಂದು ನಟ್ಟು ಬಿಚ್ಚದೆ, ಒಂದು ತಂತಿ ಬಗ್ಗಿಸದೆ ಹೋದವನಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದ್ದವಳು ಮಾರಕ್ಕ ಒಬ್ಬಳೇ, ತಾಯಿ ಸತ್ತ ಮೇಲೆ ಇವನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ.

ಮಾರಕ್ಕನ ಮನೆ ಕೆರೆ ಏರಿಯ ಬುಡದಲ್ಲಿತ್ತು. ಕೆರೆ ತುಂಬಿ ಮೂಡಗಾಳಿ ಎದ್ದರೆ ಅಲೆಗಳು ಏರಿಗೆ ಬಡಿಯುವ ಸದ್ದು ಅವಳ ಒಲೆಯ ಮುಂದಕ್ಕೇ ಕೇಳುತ್ತಿತ್ತು. ಏರಿಯ ಒಳಮೈಗೆ ಹೊದಿಸಿದ್ದ ಕಲ್ಲುಗಳು ವರ್ಷವರ್ಷವೂ ಜಾರುತ್ತಿದ್ದವು, ಊರಿನವರು ಗೊಣಗಿಕೊಂಡೇ ಮತ್ತೆ ಜೋಡಿಸುತ್ತಿದ್ದರು. ಸದ್ದು ಜೋರಾದರೆ ಮಾರಕ್ಕ ಕೋಳಿಗಳನ್ನು ಮಂಕರಿಗೆ ತುಂಬಿಕೊಂಡು ಮೇಲಿನ ಕೇರಿಗೆ ಹೊರಟುಬಿಡುತ್ತಿದ್ದಳು. ಜನ ನಗುತ್ತಿದ್ದರು. ನಗಲಿ, ಜೀವ ಅವಳದಲ್ಲವೇ?

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಮುನಿರಾಮಯ್ಯ ಖಾಲಿ ಡಾಂಬರು ಡ್ರಮ್ಮುಗಳನ್ನು ತಂದು, ಬಿದಿರಿಗೆ ಸಾಲಾಗಿ ಕಟ್ಟಿ, ಅಕ್ಕನ ಮನೆಯ ನೇರಕ್ಕೆ ಕೆರೆಯಲ್ಲಿ ತೇಲಿಬಿಟ್ಟ. ಡ್ರಮ್ಮು ಅಲೆಗೆ ಎದ್ದು ಬಿದ್ದಂತೆಲ್ಲ ಒಂದು ಪಂಪಿನ ಕೈ ಆಡುತ್ತಿತ್ತು, ಏರಿ ದಾಟಿ ಅಕ್ಕನ ಕೊತ್ತಂಬರಿ ಮಡಿಗೆ ಸಣ್ಣಗೆ ನೀರು ಬೀಳುತ್ತಿತ್ತು. ಹುಚ್ಚ ಮುನಿರಾಮ ಗಂಗಮ್ಮನ ಕೈಲೇ ನೀರು ಹೊರಿಸುತ್ತಾನೆ ಅಂತ ಊರೆಲ್ಲ ತಮಾಷೆ. ಆದರೆ ಡ್ರಮ್ಮುಗಳ ಹಿಂದೆ ನೀರು ತಟ್ಟೆಯಲ್ಲಿಟ್ಟ ಹಾಗೆ ನಿಂತದ್ದು ಕಂಡ ಮೇಲೆ ತಮಾಷೆ ನಿಂತಿತು. ಅಲೆಯ ಕಸುವೆಲ್ಲ ಡ್ರಮ್ಮು ಎತ್ತುವುದಕ್ಕೇ ಹೋದರೆ ಏರಿಗೆ ಬಡಿಯಲು ಏನು ಉಳಿಯುತ್ತದೆ ಎಂದು ಅವನು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಮಾರಕ್ಕ ಕೋಳಿ ಹೊರುವುದನ್ನು ಬಿಟ್ಟಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವ ಊರೇ ಅದು? ಅಲೆಯೇ ಇಲ್ಲದ ಕಡೆ ಕಲ್ಲೇಕೆ ಎಂದು ಊರ ಯಜಮಾನ ನರಸಿಂಹಯ್ಯ ಕೇಳಿದ. ಗಂಗಮ್ಮನ ಗುಡಿಗೆ ಜಗಲಿ ಆಗಬೇಕಿತ್ತು. ಹೊಗಳಿಕೆಗೆ ಉಬ್ಬಿದ್ದ ಮುನಿರಾಮಯ್ಯ ಧಾರಾಳವಾಗಿ ತಗೊಂಡು ಹೋಗಿ ಅಂದುಬಿಟ್ಟ. ಏರಿಯುದ್ದಕ್ಕೂ ಕಲ್ಲಿತ್ತು, ಮಾರಕ್ಕನ ಮನೆಯ ನೇರಕ್ಕೆ ಮಾತ್ರ ಬರೀ ಮಣ್ಣು.

ಒಂದೆರಡು ವರ್ಷ ಏನೂ ಆಗಲಿಲ್ಲ. ಆಮೇಲೊಂದು ಕಾರ್ತೀಕದಲ್ಲಿ ಕೆರೆ ಕೋಡಿ ಬಿತ್ತು. ಕೋಡಿ ಬಿದ್ದ ವರ್ಷ ಗಂಗಮ್ಮನನ್ನು ತೆಪ್ಪದಲ್ಲಿ ಕೂರಿಸಿ ಕೆರೆಯಲ್ಲಿ ಸುತ್ತಿಸುವುದು ಅಲ್ಲಿನ ಪದ್ಧತಿ. ಹಿಂದೆಲ್ಲ ಬಾಳೆದಿಂಡಿನ ತೆಪ್ಪ. ಈ ಸಲ ಡ್ರಮ್ಮುಗಳು ಕಣ್ಣೆದುರೇ ಇದ್ದವು, ಬಿಚ್ಚಿ ಒಯ್ದು ತೆಪ್ಪ ಕಟ್ಟಿದರು. ನಾಳೆ ವಾಪಸು ಕಟ್ಟಿದರಾಯಿತು ಎಂದುಕೊಂಡ ಮುನಿರಾಮಯ್ಯ, ಹೆದರಿಕೊಂಡಾಳು ಎಂದು ಅಕ್ಕನಿಗೆ ಹೇಳಲಿಲ್ಲ. ಮಂಡಿ ಸೋತ ಅವಳು ಏರಿ ಹತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನು ಮರೆತದ್ದೆಂದರೆ, ಅಮ್ಮ ಕೂತೆದ್ದ ತೆಪ್ಪವನ್ನು ಅಮಾವಾಸ್ಯೆ ಕಳೆಯುವ ತನಕ ಬಿಚ್ಚುವಂತಿಲ್ಲ ಎಂಬುದನ್ನು. ಬಾಳೆದಿಂಡಾಗಿದ್ದಾಗ ಅದು ಅಲ್ಲೇ ಕೊಳೆಯುತ್ತಿತ್ತು, ಯಾರಿಗೂ ಬೇಕಾಗಿರಲಿಲ್ಲ.

ಅಮಾವಾಸ್ಯೆಗೆ ಮುಂಚೆಯೇ ಮದರಾಸಿನ ಕಡೆಯಿಂದ ಗಾಳಿಮಳೆ ನುಗ್ಗಿತು. ಮುನಿರಾಮಯ್ಯ ಕೋಡಿಯ ಹತ್ತಿರ ಹುಣಸೆಮರಕ್ಕೆ ಬಿಗಿದಿದ್ದ ತೆಪ್ಪದ ಕಡೆ ಓಡಿ ಹಗ್ಗಕ್ಕೆ ಕೈ ಹಾಕಿದ. ನರಸಿಂಹಯ್ಯ ಅವನ ರಟ್ಟೆ ಹಿಡಿದುಕೊಂಡ.

“ಅಮ್ಮ ಕೂತಿದ್ದ ತೆಪ್ಪ ಕಣೋ ಇದು. ಊರಿಗೆ ಕೇಡಾದ್ರೆ ನೀನು ತಡ್ಕೊಳ್ತೀಯಾ?”

ಎಂಜಿನ್ನಿನ ಹೊಟ್ಟೆಯನ್ನೇ ಬಗೆದು ನೋಡಿದ ಮನುಷ್ಯ, ಗಂಗಮ್ಮನಿಗೆ ಹೆದರಿದ. ಹಗ್ಗ ಬಿಟ್ಟ.

ಏರಿಯ ಮೇಲೆ ಬಿದ್ದಂಬೀಳ ಓಡಿ ಬರುವಷ್ಟರಲ್ಲಿ ಬರಿಮಣ್ಣಿನ ಜಾಗ ಹೆಂಟೆಹೆಂಟೆಯಾಗಿ ನೀರಿಗೆ ಕುಸಿಯುತ್ತಿತ್ತು. ಆಚೆ ಬಾ, ಮೇಲಿನ ಕೇರಿಗೆ ನಡಿ ಎಂದು ಅಕ್ಕನನ್ನು ಕೂಗಿದ. ಮಾರಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು, ತಲೆಯೆತ್ತಿ ತಮ್ಮನನ್ನು ನೋಡಿ ನಕ್ಕಳು.

“ನೆಂದೋಗ್ತೀಯಾ, ಒಳಕ್ಕೆ ಬಾರಪ್ಪಾ. ನೀನು ಡ್ರಮ್ಮು ಕಟ್ಟಿದ್ದೀಯಲ್ಲ, ನಂಗೇನು ಭಯ?”

ಅಂದವಳೇ, ಅವನಿಗೂ ಒಂದು ಮುದ್ದೆ ಆಗಲಿ ಎಂದು ಒಲೆಯ ಕಡೆ ತಿರುಗಿದಳು. ಡ್ರಮ್ಮು ಇಲ್ಲ ಕಣಕ್ಕಾ ಎಂದು ಅವನು ಆಗ ಹೇಳಿದ, ಮೊದಲ ಸಲ. ಏರಿ ಅಷ್ಟರಲ್ಲಿ ಹೋಯಿತು.