ಜಿನೀವಾದಲ್ಲಿ ಎದ್ದು ನಿಂತ ಜಲಜ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಕ್ಕರ್ಣೆಯಿಂದ ಒಳಗೆ, ಟಾರು ರಸ್ತೆ ಮುಗಿದು ಮಣ್ಣಿನ ದಾರಿ ಶುರುವಾಗುವಲ್ಲಿರುವ ಗುಡ್ಡದಲ್ಲಿ ಜಲಜ ಕತ್ತಿ ಹಿಡಿದು ಬಳ್ಳಿ ಹುಡುಕುತ್ತಿದ್ದಾರೆ. ಬುಟ್ಟಿ ನೇಯುವ ಈ ಕಾಡುಬಳ್ಳಿಗೆ ಇಲ್ಲಿಯವರು ಬೀಳು ಎನ್ನುತ್ತಾರೆ. ಮರಕ್ಕೆ ಹಬ್ಬಿದ್ದನ್ನು ಬುಡದಲ್ಲಿ ಕತ್ತರಿಸಿ ಎರಡೂ ಕೈಯಿಂದ ಜಗ್ಗಿದರೆ ಒಣಎಲೆ, ಇಬ್ಬನಿ, ಕೆಂಪಿರುವೆ ಎಲ್ಲವೂ ತಲೆಯ ಮೇಲೇ ಸುರಿಯುತ್ತವೆ. ಜಲಜ ಒಮ್ಮೆ ತಲೆ ಕೊಡವಿ ಮತ್ತೆ ಜಗ್ಗುತ್ತಾರೆ. ಬಿಸಿಲು ಏರುವುದರೊಳಗೆ ಒಂದು ಹೊರೆ ಆಗಬೇಕು. ಒಣಗಿದರೆ ಬೀಳು ಮುರಿಯುತ್ತದೆ, ಹಸಿ ಇರುವಾಗಲೇ ಸಿಗಿದು ನೇಯಬೇಕು.

"ಹ್ವಾಯ್, ಆ ಮರದ ಅಡಿಗ್ ನಿಲ್ಲಬ್ಯಾಡಿ, ಇರುವಿ ಕಚ್ಚತ್ತ್," ಎಂದು ಬಂದವರನ್ನು ಎಚ್ಚರಿಸುತ್ತಾರೆ. ಜಿನೀವಾ ಹೇಗಿತ್ತು ಎಂದು ಕೇಳಿದರೆ ಮಾತ್ರ ಮುಖ ಆಚೆ ತಿರುಗುತ್ತದೆ. "ಚಳಿ ಇದ್ದಿತ್. ಊಟ ಸಪ್ಪೆ," ಎಂದು ಬಳ್ಳಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆಯುತ್ತಾರೆ. ಊರೆಲ್ಲ ಹಾಡಿ ಹೊಗಳುವ ಪ್ರಯಾಣದ ಬಗ್ಗೆ ಹೋಗಿ ಬಂದವರ ಬಾಯಲ್ಲಿ ಮೊದಲಿಗೆ ಬರುವುದು ಇಷ್ಟೇ.

ನಲವತ್ತು ದಾಟಿದ ಜಲಜ ಕೊರಗ ಸಮುದಾಯದವರು. ಓದಿದ್ದು ಏಳನೆಯವರೆಗೆ. ಗದ್ದೆಗೆ ಗೊಬ್ಬರ ಹೊರುವ ಹೆಡಿಗೆ, ಅನ್ನ ಬಸಿಯುವ ಸಿಬ್ಲ, ಮೀನಿನ ಕುಕ್ಕೆ ಎಲ್ಲವೂ ಆ ಕೈಯಲ್ಲಿ ಸಲೀಸು. ದಿನಕ್ಕೆ ಎರಡು ಹೆಡಿಗೆ ಆದರೆ ಅದು ಒಳ್ಳೆಯ ದಿನ. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಸಂತೆಯಲ್ಲಿ ಗಿರಾಕಿಗಳು ಮುಟ್ಟಿ ನೋಡಿ, ಚೆಂದ ಇದೆ ಎಂದು ಹೊಗಳಿ, ಪಕ್ಕದ ಅಂಗಡಿಗೆ ಹೋಗುತ್ತಾರೆ. ವಾರದಲ್ಲಿ ಎರಡು ಮೂರು ದಿನ ನೇಯ್ಗೆ ಬಿಟ್ಟು ಜಲಜ ಬಸ್ಸು ಹತ್ತುತ್ತಾರೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ತಮ್ಮವರ ಕಾಲೊನಿಗಳನ್ನು ಸುತ್ತಿ, ಯಾರ ಮನೆ ಸೋರುತ್ತಿದೆ, ಯಾವ ಬಾಣಂತಿಗೆ ರಕ್ತ ಕಡಿಮೆ, ಯಾರ ಜಾಗಕ್ಕೆ ಇನ್ನೂ ಹಕ್ಕುಪತ್ರ ಇಲ್ಲ ಎಂದು ವಿಚಾರಿಸುತ್ತಾರೆ. ಹೀಗೆ ಸುತ್ತಿ ಸುತ್ತಿಯೇ ಎಲ್ಲ ಕಾಲೊನಿಗಳಿಗೂ ಜಲಜಕ್ಕ ಆದದ್ದು.

ಜಿನೀವಾಕ್ಕೆ ಕಳಿಸಿದ್ದೂ ಆ ಕಾಲೊನಿಗಳೇ. ಲೋಕದ ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ಅಲ್ಲೊಂದು ಅಂತರರಾಷ್ಟ್ರೀಯ ಸಭೆ. ಹಿಂದೆಲ್ಲ ಇಂತಹ ಸಭೆಗಳಲ್ಲಿ ಅಧಿಕಾರಿಗಳೋ ಸಂಸ್ಥೆಯವರೋ ಇವರ ಪರವಾಗಿ ಮಾತಾಡಿ ಬರುತ್ತಿದ್ದರು. ಈ ಸಲ ಕೊರಗರೇ ಕೊರಗರ ಹೆಸರಿನಲ್ಲಿ ಮಾತಾಡಲು ಎರಡು ನಿಮಿಷ ಸಿಕ್ಕಿತ್ತು. ಆ ಎರಡು ನಿಮಿಷಕ್ಕೆ ಒಂದು ಮಳೆಗಾಲವಿಡೀ ಜಗಲಿಗಳಲ್ಲಿ ಕೂತು ಚರ್ಚೆ ನಡೆಯಿತು. ಕೊನೆಗೆ ಉಳಿದ ಮಾತು ಸಣ್ಣದು: ನಾವು ಬೀಳು ತರುವ ಗುಡ್ಡಕ್ಕೆ ಬೇಲಿ ಹಾಕುವ ಮೊದಲು ನಮ್ಮನ್ನು ಕೇಳಿ. ನಮ್ಮ ವಿಷಯ ತೀರ್ಮಾನ ಆಗುವಲ್ಲಿ ನಮ್ಮವರು ಇರಲಿ, ಅದು ಕೊಕ್ಕರ್ಣೆಯಾದರೂ ಸರಿ, ಜಿನೀವಾ ಆದರೂ ಸರಿ. ಜಲಜ ಇದನ್ನು ಬೀಳು ಸಿಗಿಯುತ್ತಾ ಬಾಯಿಪಾಠ ಮಾಡಿಕೊಂಡರು. ಅದರ ಇಂಗ್ಲಿಷ್ ಪ್ರತಿ ದುಭಾಷಿಗಳ ಕೈ ಸೇರಿತ್ತು. ಜಲಜ ಕನ್ನಡದಲ್ಲಿ ಹೇಳುತ್ತಾ ಹೋದರೆ ಅವರು ಓದುತ್ತಾ ಹೋಗುವುದೆಂಬ ಏರ್ಪಾಡು. ಜೊತೆಗೆ ಕಾಲೊನಿಗಳಲ್ಲಿ ಕೆಲಸ ಮಾಡುವ ಸಂಸ್ಥೆಯೊಂದರ ಕಾರ್ಯಕರ್ತೆ, ಸಾಲಿಗ್ರಾಮದ ಪ್ರಜ್ಞಾ ಇದ್ದರು.

ಸಭೆಯಲ್ಲಿ ಎಲ್ಲರೂ ಕುಳಿತೇ ಮಾತಾಡುತ್ತಾರೆ. ಮೇಜಿನ ಮೇಲೆ ಮೈಕು, ದುಭಾಷಿಗಳ ಮಾತು ಕೇಳಲು ಕಿವಿಗೊಂದು ಯಂತ್ರ. ಇದನ್ನೆಲ್ಲ ಹಿಂದಿನ ದಿನವೇ ಹೇಳಿಕೊಟ್ಟಾಗಿತ್ತು. ಹೆಸರು ಕರೆದಾಗ ಜಲಜ ಎದ್ದು ನಿಂತರು.

"ನಿಲ್ಬೇಕ್ ಅಂದ್ಹೇಳಿ ಅಂದಾಜ್ ಮಾಡಿ ನಿತ್ತದ್ದಲ್ಲ ಮಾರಾಯ್ರೆ. ಹೆಸ್ರ್ ಕರ್ದ್ರ್, ಕಾಲ್ ಎದ್ಬಿಡ್ತ್," ಎನ್ನುತ್ತಾರೆ ಜಲಜ, ತಲೆ ಎತ್ತದೆ. "ಅಷ್ಟ್ ದೊಡ್ಡವ್ರೆದ್ರಿಗೆ ಕೂಕಂಡ್ ಮಾತಾಡುದ್ ಹ್ಯಾಂಗೆ?"

ಎದ್ದ ರಭಸಕ್ಕೆ ಕಿವಿಯ ಯಂತ್ರ ಜಾರಿ ಬಿತ್ತು. ಮೈಕು ಸೊಂಟದ ಕೆಳಗೆ ಉಳಿಯಿತು. ಮಾತು ಶುರುವಾಯಿತು, ಆದರೆ ಅದು ಯಾರ ಕಿವಿಗೂ ತಲುಪಲಿಲ್ಲ. ಗಾಜಿನ ಕೋಣೆಯಲ್ಲಿದ್ದ ದುಭಾಷಿಗಳು ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಿದರು. ವೇದಿಕೆಯಲ್ಲಿದ್ದ ಅಧ್ಯಕ್ಷೆ, ಬಿಳಿಗೂದಲ ಹೆಂಗಸು, ನಗುತ್ತಲೇ ಅಂಗೈಯನ್ನು ಕೆಳಮುಖ ಮಾಡಿ ಎರಡು ಸಲ ತಗ್ಗಿಸಿದರು. ಕುಳಿತು ಮಾತಾಡಿ ಎಂದು ಅದರ ಅರ್ಥ.

ಜಲಜ ಬೆಳೆದ ಊರಿನಲ್ಲಿ ಆ ಕೈಸನ್ನೆಗೆ ಬೇರೆ ಅರ್ಥವಿದೆ. ದೊಡ್ಡ ಮನೆಯ ಅಂಗಳದಾಚೆ ನಿಂತು ಕಷ್ಟ ಹೇಳಿಕೊಳ್ಳುವಾಗ ಜಗಲಿಯ ಮೇಲಿನ ಕೈ ಹಾಗೆ ತಗ್ಗಿದರೆ ಮಾತು ಮುಗಿಯಿತು ಎಂದೇ ಲೆಕ್ಕ. ಜಲಜ ಕೈಮುಗಿದರು. "ಆಯ್ತಮ್ಮ" ಎಂದರು. ಕುಳಿತು ಬಾಯಿ ಮುಚ್ಚಿಕೊಂಡರು. ಅಧ್ಯಕ್ಷೆ ಸ್ವಲ್ಪ ಹೊತ್ತು ಕಾದರು, ಮತ್ತೊಮ್ಮೆ ಏನೋ ಕೇಳಿದರು. ಅದು ಇಂಗ್ಲಿಷು, ಜಲಜರಿಗೆ ತಿಳಿಯಲಿಲ್ಲ. ಹಿಂದಿನ ಸಾಲಿನಿಂದ ಪ್ರಜ್ಞಾ ಓಡಿ ಬರುವಷ್ಟರಲ್ಲಿ ಮುಂದಿನ ಹೆಸರು ಕರೆದಾಗಿತ್ತು. ಬರಹದ ಪ್ರತಿಯನ್ನು ಸಭೆಯವರು ಉಳಿದವರ ಪ್ರತಿಗಳೊಂದಿಗೆ ತೆಗೆದಿಟ್ಟುಕೊಂಡರು, ಅಷ್ಟೇ.

"ಜಲಜಕ್ಕ, ಅವ್ರ್ ಕೂಕಂಡ್ ಹೇಳಿ ಅಂದದ್, ಸಾಕ್ ಅಂದದ್ದಲ್ಲ ಅಂತ ನಾನ್ ಹೇಳ್ದೆ. ಹೇಳ್ಬಾರ್ದಿತ್ತ್," ಎಂದು ಪ್ರಜ್ಞಾ ನೆನಪಿಸಿಕೊಳ್ಳುತ್ತಾರೆ. ಅದನ್ನು ಕೇಳಿದ ಮೇಲೆ ಜಲಜ ಬಚ್ಚಲುಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡವರು ಸಭೆ ಮುಗಿಯುವವರೆಗೂ ಹೊರಗೆ ಬರಲಿಲ್ಲವಂತೆ.

ನಾಚಿಕೆ ಅಲ್ಲಿಗೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಊರಿಗೆ ಬಂದರೆ ಕುಂದಾಪುರದಲ್ಲಿ ಸನ್ಮಾನ ಕಾದಿತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ. ಬುಟ್ಟಿಯೂ ಪ್ಲಾಸ್ಟಿಕ್ಕಿನದ್ದೇ. ಭಾಷಣಕಾರರು ಒಬ್ಬರ ಮೇಲೊಬ್ಬರು ಬಿದ್ದು ಹೊಗಳಿದರು, ವಿಶ್ವದ ಎದುರು ಕೊರಗರ ದನಿ ಮೊಳಗಿತು ಎಂದರು. ಅಲ್ಲಿ ನಿಜವಾಗಿ ಏನಾಯಿತು ಎಂದು ಒಬ್ಬರಾದರೂ ಕೇಳಬೇಕಿತ್ತು, ಕೇಳಲಿಲ್ಲ. ಬುದ್ಧಿವಂತರ ಜಿಲ್ಲೆ ಎಂದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವ ಅಭ್ಯಾಸ ಹಾಗಿದೆ. ಜಲಜ ವೇದಿಕೆಯ ಮೇಲೆ ನೆಲ ನೋಡುತ್ತಾ ಕುಳಿತಿದ್ದರು. ಅದನ್ನು ಎಲ್ಲರೂ ವಿನಯ ಎಂದುಕೊಂಡರು.

"ಮಾತಾಡ್ಲಿಲ್ಲೆ ಅಂದ್ಹೇಳುಕೆ ಬಾಯಿ ಬಂತಿಲ್ಲೆ. ಕಾಲೊನಿ ಮಕ್ಕಳೆಲ್ಲ ಬಂದ್ ಮುಂದಿನ ಸಾಲಲ್ಲ್ ಕೂಕಂಡಿದ್ದೊ," ಎನ್ನುತ್ತಾರೆ.

ಪತ್ರಿಕೆಯ ಈ ಪುಟಕ್ಕಾಗಿ ಮಾತಾಡಿಸಲು ಫೋನ್ ಮಾಡಿದಾಗ ಜಲಜ ಹಾಕಿದ್ದು ಒಂದೇ ಷರತ್ತು. "ಪೇಪರಿಗ್ ಹಾಕುದಾರೆ ಇದ್ದದ್ದ್ ಇದ್ದಾಂಗೆ ಹಾಕಿ. ಅದ್ಕಿಂತ ಮುಂಚೆ ನಾನ್ ನಮ್ಮವ್ರತ್ರ ಹೇಳ್ಬೇಕ್. ಅವ್ರ್ ಪೇಪರ್ ಕಂಡ್ ತಿಳ್ಕಂಬುದ್ ಬ್ಯಾಡ." ಮುಂದಿನ ಸಭೆಗೆ ಯಾರನ್ನು ಕಳಿಸುವುದೆಂದು ತೀರ್ಮಾನಿಸುವ ದಿನವೂ ಹತ್ತಿರ ಬಂದಿತ್ತು. ಸುಳ್ಳು ಹೊಗಳಿಕೆಯ ಬಲದಲ್ಲಿ ತನ್ನ ಹೆಸರೇ ಮತ್ತೆ ಬಂದರೆ ಎಂಬ ಹೆದರಿಕೆ ಜಲಜರನ್ನು ನಿದ್ದೆಗೆಡಿಸಿತ್ತು.

ಕಾಲೊನಿಯವರು ಸೇರಿದ ಭಾನುವಾರ ಜಲಜ ಎಲ್ಲವನ್ನೂ ಹೇಳಿದರು. ಮೊದಲು ಸಿಡಿದದ್ದು ಪಕ್ಕದ ಮನೆಯ ಪದ್ದು. "ಮತ್ತೆ ಆ ಶಾಲ್ ಎಂತಕೆ ಹೊದ್ಕಂಡ್ ಬಂದದ್? ನಾವ್ ಮಳೆಗಾಲ ಇಡೀ ಕೆಲ್ಸ ಬಿಟ್ ಕೂಕಂಡದ್ ಇದ್ಕಾ?"

ಮೂಲೆಯಲ್ಲಿ ಕುಳಿತಿದ್ದವರು ಜಲಜರ ಸೋದರಮಾವ ಮುತ್ತ. ಎಪ್ಪತ್ತು ದಾಟಿದ ಮುತ್ತ ಜಿನೀವಾದ ಬಗ್ಗೆ ಏನೂ ವಿಚಾರಿಸಲಿಲ್ಲ.

"ಹೆಸ್ರ್ ಕರ್ದ್ ಕೂಡ್ಲೆ ಎದ್ಯಾ ಹೆಣೆ?"

"ಎದ್ದೆ ಮಾವ."

"ಅದ್ ನಾನ್ ಕಲ್ಸದ್ದ್," ಎಂದರು ಮುತ್ತ. ಜಲಜ ಮಗುವಾಗಿದ್ದಾಗ ಮನೆಯ ಮುಂದಿನ ದಾರಿಯಲ್ಲಿ ಜಮೀನಿನ ಒಡೆಯರು ಬಂದರೆ ಎದ್ದು ನಿಲ್ಲಬೇಕೆಂದು ತೊಡೆ ಚಿವುಟುತ್ತಿದ್ದವರು ಅವರೇ. "ಸಣ್ಣದಿಪ್ಪತಿಗೆ ನೀನ್ ಏಳ್ತಿರ್ಲಿಲ್ಲೆ. ಹಟದ ಹೆಣ್. ಏಳ್ದಿರೆ ನನ್ಗೆ ಹೊಡಿತಿದ್ರ್. ಅದ್ಕೆ ಚಿವುಟಿ ಚಿವುಟಿ ಕಲ್ಸದೆ." ಇಷ್ಟು ಹೇಳಿ ಮುದುಕ ಟವೆಲನ್ನು ಮುಖಕ್ಕೆ ಹಿಡಿದುಕೊಂಡರು. ಮತ್ತೆ ಬೈಯಲು ಬಾಯಿ ತೆರೆದಿದ್ದ ಪದ್ದು ಅವರ ಪಕ್ಕ ಹೋಗಿ ಕುಳಿತರು. "ನಾನ್ ಹೋಗಿದ್ರೂ ಏಳ್ತಿದ್ದೆ," ಎಂದು ಮೆಲ್ಲಗೆ ಒಪ್ಪಿಕೊಂಡರು. ಯಾರು ಬಂದರೂ ಇನ್ನು ಕುಳಿತೇ ಮಾತಾಡುವುದು ಎಂದು ಅಂದು ಮಾತಾಯಿತು. ಹೇಳುವಷ್ಟು ಸುಲಭವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಹತ್ತು ದಿನ ಕಳೆಯುವುದರೊಳಗೆ ಪರೀಕ್ಷೆ ಬಂತು. ಬೇಲಿಗಾಗಿ ಗುಡ್ಡ ಅಳೆಯಲು ಇಬ್ಬರು ಅಧಿಕಾರಿಗಳು ಜೀಪಿನಲ್ಲಿ ಬಂದಿಳಿದರು. ಎಲ್ಲರೂ ಜಗಲಿಯಲ್ಲಿ ಬೀಳು ಸಿಗಿಯುತ್ತಿದ್ದರು. ಮುತ್ತ ಆಗಲೇ ಅರ್ಧ ಎದ್ದಾಗಿತ್ತು, ಕೈ ಟವೆಲನ್ನು ಹೆಗಲಿನಿಂದ ಇಳಿಸುತ್ತಿತ್ತು. ಜಲಜ ಅವರ ಕೈ ಹಿಡಿದು ಕೆಳಕ್ಕೆ ಜಗ್ಗಿದರು. "ಮಾವ, ಕೂಕೊ." ಮುತ್ತ ಕುಳಿತರು. ಜಲಜ ಕುಳಿತಲ್ಲಿಂದಲೇ, ಗುಡ್ಡಕ್ಕೆ ಬೇಲಿ ಹಾಕುವ ಮೊದಲು ನಮ್ಮನ್ನು ಕೇಳಬೇಕು ಎಂದು ಶುರು ಮಾಡಿ, ಬಾಯಿಪಾಠ ಮಾಡಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು, ಮೇಲಿನವರಿಗೆ ತಿಳಿಸುತ್ತೇನೆ ಎಂದರು. ಅಂದು ಅಳತೆ ನಡೆಯಲಿಲ್ಲ. ಜೀಪು ಹತ್ತುವಾಗ ಇನ್ನೊಬ್ಬರು ಎಲ್ಲರಿಗೂ ಕೇಳುವಂತೆ ಹೇಳಿದರು, "ಎದ್ದು ನಿಲ್ಲುವಷ್ಟು ಮರ್ಯಾದೆಯೂ ಇಲ್ಲ ಇವರಿಗೆ."

ಬೇಲಿಯ ವಿಷಯ ಇನ್ನೂ ತೂಗುಯ್ಯಾಲೆಯಲ್ಲೇ ಇದೆ. ಮುಂದಿನ ಸಭೆಗೆ ಕಾಲೊನಿಗಳು ಮತ್ತೆ ಜಲಜರ ಹೆಸರನ್ನೇ ಬರೆದಿವೆ, ಈ ಸಲ ನಡೆದದ್ದನ್ನೆಲ್ಲ ತಿಳಿದೇ. ಹೆಸರು ಹೇಳಿದ್ದು ಪದ್ದು. ಸಿಕ್ಕರೆ ಎರಡೇ ನಿಮಿಷ ಸಾಕು, ಹೆಚ್ಚು ಬೇಡ ಎನ್ನುತ್ತಾರೆ ಜಲಜ. ಬೀಳಿನ ಹೊರೆ ಕಟ್ಟಿ, ತಲೆಗೆ ಸಿಂಬಿ ಇಟ್ಟು, ಗುಡ್ಡ ಇಳಿಯಲು ತಿರುಗುತ್ತಾರೆ.

"ಮರ್ಯಾದಿ ಇಲ್ಲ ಅಂದ್ಹೇಳಿರ್ ಅಲ್ದಾ, ನಂಗೆ ಭೂಮಿಗ್ ಇಳ್ದ್ ಹೋಪಷ್ಟ್ ನಾಚ್ಕಿ ಆಯ್ತ್. ಅವ್ರ್ ಹೋದ್ಮೇಲೂ ಮುಖ ಎತ್ತುಕೆ ಆಯ್ಲಿಲ್ಲೆ," ಎನ್ನುತ್ತಾರೆ ಜಲಜ. "ಆದ್ರೂ ನಾನ್ ಎದ್ದೇಳ್ಲಿಲ್ಲೆ ಕಾಣಿ."